ಹಾಟ್ ಟಬ್‌ಗೆ ಕ್ಲೋರಿನ್ನೋ, ಬ್ರೋಮಿನ್ನೋ, ಉಪ್ಪೋ? ಮೊದಲು ನಲ್ಲಿ ನೀರು ನೋಡಿ

ಸಿಯಾಟಲ್ ಪಕ್ಕದ ಬಾಥೆಲ್‌ನಲ್ಲಿದ್ದಾಗ ನಮ್ಮ ಹಾಟ್ ಟಬ್‌ದು, ಅಂದರೆ ಬಿಸಿ ನೀರಲ್ಲಿ ಕೂರುವ ತೊಟ್ಟಿಯದು, ಒಂದೇ ತಕರಾರು, ನೊರೆ. ನೀರು ಚಿಮ್ಮಿಸುವ ಜೆಟ್ ಹಾಕಿದರೆ ಸಾಕು, ಬಟ್ಟೆ ನೆನೆಸಿಟ್ಟ ಬಕೆಟ್ ಥರ ಉಕ್ಕುತ್ತಿತ್ತು. ಆಮೇಲೆ ಅರಿಜೋನಾದ ಚಾಂಡ್ಲರ್‌ಗೆ ಬಂದೆವು, ಟಬ್ಬನ್ನೂ ಟ್ರಕ್ಕಿಗೆ ಏರಿಸಿ ತಂದೆವು. ಅದೇ ಟಬ್, ಕೀಟಾಣು ಕೊಲ್ಲಲು ಹಾಕುವ ಅದೇ ಬ್ರೋಮಿನ್ ಮಾತ್ರೆ, ಅದೇ ನಾಲ್ಕು ಜನ. ಎರಡೇ ತಿಂಗಳಿಗೆ ನೀರು ನಿಲ್ಲುವ ಮಟ್ಟದಲ್ಲಿ ಸುತ್ತಲೂ ಬಿಳಿ ಗೆರೆ ಬಿತ್ತು, ಕೈಯಾಡಿಸಿದರೆ ಉಪ್ಪು ಕಾಗದದ ಹಾಗೆ ತರಿತರಿ. ನೊರೆ ಮಾತ್ರ ಪೂರ್ತಿ ಮಾಯ.

ಬೆಂಗಳೂರಲ್ಲಿ ಬೋರ್‌ವೆಲ್ ನೀರಿನ ಮನೆಯಲ್ಲಿ ಬಾಡಿಗೆಗಿದ್ದವರಿಗೆ ಇದು ಥಟ್ಟನೆ ಗೊತ್ತಾಗುತ್ತದೆ. ಉಪ್ಪು ನೀರು ಅಂತೀವಲ್ಲ, ಅದೇ, ಕ್ಯಾಲ್ಸಿಯಂ ಜಾಸ್ತಿ ಇರುವ ಗಡಸು ನೀರು. ಸೋಪು ಉಜ್ಜಿದರೆ ನೊರೆ ಬರಲ್ಲ, ಬೇಳೆ ಬೇಯಲ್ಲ, ಗೀಸರ್ ಬಿಚ್ಚಿದರೆ ಕಾಯಿಲ್ ಮೇಲೆ ಸುಣ್ಣದ ಚಿಪ್ಪು. ಬಾಥೆಲ್‌ನಲ್ಲಿ ಬೆಟ್ಟದ ಮಳೆ, ಹಿಮದಿಂದ ಬರುವ ಮೆದು ನೀರು, ಮನೆಯಲ್ಲೇ ಅಳೆದಾಗ ಕ್ಯಾಲ್ಸಿಯಂ 30 ಪಿಪಿಎಂ (ಹತ್ತು ಲಕ್ಷ ಭಾಗ ನೀರಲ್ಲಿ 30 ಭಾಗ) ಮುಟ್ಟಲಿಲ್ಲ. ಚಾಂಡ್ಲರ್ ಕಡೆ ಬರುವುದು ಮರುಭೂಮಿಯ ನದಿಗಳ ನೀರು, ಅದರಲ್ಲಿ ಒಂದರ ಹೆಸರೇ ಸಾಲ್ಟ್ ರಿವರ್. ಇಲ್ಲಿಯ ನಲ್ಲಿ ನೀರು 220 ತೋರಿಸಿತು.

ಹಾಟ್ ಟಬ್ ಕೊಂಡವರೆಲ್ಲ ಮೊದಲು ಕೇಳುವುದು ಕ್ಲೋರಿನ್ ಒಳ್ಳೆಯದಾ, ಬ್ರೋಮಿನ್ ಒಳ್ಳೆಯದಾ ಅಂತ. ಎರಡನ್ನೂ ವರ್ಷಗಟ್ಟಲೆ ಬಳಸಿದ್ದೇನೆ, ಉಪ್ಪಿನಿಂದ ಕ್ಲೋರಿನ್ ಮಾಡುವ ಯಂತ್ರವನ್ನು ಗೆಳೆಯರೊಬ್ಬರ ಮನೆಯಲ್ಲಿ ಹತ್ತಿರದಿಂದ ನೋಡಿದ್ದೇನೆ. ಈಗ ಯಾರಾದರೂ ಕೇಳಿದರೆ ನಾನೇ ಎರಡು ಪ್ರಶ್ನೆ ತಿರುಗಿ ಕೇಳುತ್ತೇನೆ. ನಿಮ್ಮ ನಲ್ಲಿಯಲ್ಲಿ ಎಂಥಾ ನೀರು ಬರುತ್ತದೆ? ವಾರಕ್ಕೆ ಎಷ್ಟು ಸಲ ಟಬ್‌ಗೆ ಇಳಿಯುತ್ತೀರಿ? ಇಷ್ಟು ಗೊತ್ತಾದರೆ ಆಯ್ಕೆ ಅರ್ಧ ಮುಗಿದ ಹಾಗೆ.

ಈಜುಕೊಳದ ಲೆಕ್ಕ ಇಲ್ಲಿ ನಡೆಯಲ್ಲ

ನಮ್ಮ ಟಬ್ 400 ಗ್ಯಾಲನ್, ಅಂದರೆ ಸುಮಾರು 1,500 ಲೀಟರ್. ನಾಲ್ಕು ಜನ ಕೂತರೆ ತಲೆಗೆ 100 ಗ್ಯಾಲನ್. ಮನೆ ಹಿತ್ತಲಿನ 20,000 ಗ್ಯಾಲನ್ ಈಜುಕೊಳದಲ್ಲಿ ಇದೇ ಲೆಕ್ಕಕ್ಕೆ ಜನ ಇಳಿಸಿದರೆ 200 ಮಂದಿ ಆಗ್ತಾರೆ. ಮದುವೆ ಮನೆ! ಮೇಲಿಂದ ನೀರು 40 ಡಿಗ್ರಿ ಬಿಸಿ, ಎಲ್ಲರೂ ಬೆವರುತ್ತಿರುತ್ತಾರೆ, ನೀರೊಳಗೆ ಕೂತಿರುವುದರಿಂದ ಅದು ಗೊತ್ತಾಗಲ್ಲ ಅಷ್ಟೇ.

ಹಾಟ್ ಟಬ್ ಇಟ್ಟುಕೊಂಡವರಲ್ಲಿ ಓಡಾಡುವ ಒಂದು ಅಂದಾಜು ಇದೆ, ನನ್ನ ಅನುಭವಕ್ಕೂ ಹೊಂದುತ್ತದೆ. ಒಬ್ಬರು ಒಂದು ಗಂಟೆ ಕೂತರೆ 350 ಗ್ಯಾಲನ್ ನೀರಲ್ಲಿ ಸುಮಾರು 7 ಪಿಪಿಎಂ ಕ್ಲೋರಿನ್ ಖರ್ಚಾಗುತ್ತದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಹೇಳುವುದು ಹಾಟ್ ಟಬ್‌ನಲ್ಲಿ ಕ್ಲೋರಿನ್ ಕನಿಷ್ಠ 3 ಪಿಪಿಎಂ, ಬ್ರೋಮಿನ್ ಆದರೆ ಕನಿಷ್ಠ 4, ನೀರು ಆಮ್ಲವೋ ಕ್ಷಾರವೋ ಹೇಳುವ ಅಳತೆ ಪಿಎಚ್ 7.0ರಿಂದ 7.8 ಇರಬೇಕು ಅಂತ. ಈಗ ಲೆಕ್ಕ ಹಾಕಿ. ನಾಲ್ಕು ಜನ ಅರ್ಧ ಗಂಟೆ ಕೂತರೆ ಇಳಿಯುವಾಗ 3 ಇದ್ದದ್ದು ಏಳುವ ಹೊತ್ತಿಗೆ ಸೊನ್ನೆ. ಬೆಳಿಗ್ಗೆ ನೋಡಿಕೊಳ್ಳೋಣ ಅಂತ ಮುಚ್ಚಳ ಹಾಕಿ ಮಲಗಿದರೆ ರಾತ್ರಿಯಿಡೀ ಬೆಚ್ಚಗಿನ ನೀರಲ್ಲಿ ಬ್ಯಾಕ್ಟೀರಿಯಾಗಳಿಗೆ ಹಬ್ಬ.

ಇದನ್ನು ಹಗುರಾಗಿ ತಗೋಬೇಡಿ. 2019ರ ಸೆಪ್ಟೆಂಬರ್‌ನಲ್ಲಿ ನಾರ್ತ್ ಕ್ಯಾರೊಲೈನಾದ ಫ್ಲೆಚರ್‌ನಲ್ಲಿ ನಡೆದ ಜಾತ್ರೆಯೊಂದರಲ್ಲಿ ಹಾಟ್ ಟಬ್‌ಗಳನ್ನು ಪ್ರದರ್ಶನಕ್ಕೆ ಇಟ್ಟಿದ್ದರು. ಅಲ್ಲಿಂದ ಹರಡಿದ ಶ್ವಾಸಕೋಶಕ್ಕೆ ತಗಲುವ ಲೀಜನೆಲ್ಲಾ ಬ್ಯಾಕ್ಟೀರಿಯಾದ ಸೋಂಕಿಗೆ 130ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ನಾಲ್ವರು ತೀರಿಕೊಂಡರು. ಅವರು ಟಬ್‌ಗೆ ಇಳಿಯಲೇ ಬೇಕಾಗಿರಲಿಲ್ಲ, ಗಾಳಿಯಲ್ಲಿ ತೇಲುವ ಹನಿ ಉಸಿರಲ್ಲಿ ಹೋದರೆ ಸಾಕು. ಚರ್ಮದ ಮೇಲೆ ಕೆಂಪು ಗುಳ್ಳೆ ಏಳಿಸುವ ಸ್ಯೂಡೊಮೋನಾಸ್ ಬ್ಯಾಕ್ಟೀರಿಯಾ ಇನ್ನೊಂದು, ಅದು ಈಜುಡುಗೆ ಅಂಟಿದ ಜಾಗದಲ್ಲೇ ಜಾಸ್ತಿ. ನೀರು ತಿಳಿಯಾಗಿದೆ ಅಂದ ಮಾತ್ರಕ್ಕೆ ಸರಿ ಇದೆ ಅಂತ ಅರ್ಥ ಅಲ್ಲ.

ಪಿಎಚ್ ಯಾಕೆ ಸುಮ್ನೆ ಏರುತ್ತದೆ

ಯಾವ ಔಷಧ ಆರಿಸಿದರೂ ಇದು ಅರ್ಥ ಆಗದಿದ್ದರೆ ದಿನಾ ಒದ್ದಾಟವೇ. ಸ್ವಲ್ಪ ತಾಳ್ಮೆಯಿಂದ ಓದಿ.

ಸೋಡಾ ಬಾಟಲಿ ಕುಲುಕಿದರೆ ಗ್ಯಾಸ್ ಹೋಗುತ್ತದೆ, ಉಳಿದ ನೀರು ಚುರುಕು ಕಳೆದುಕೊಂಡು ಸಪ್ಪೆ ಆಗುತ್ತದೆ. ಜೆಟ್ ಮಾಡುವುದೂ ಅದನ್ನೇ. ನೀರಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಗುಳ್ಳೆಯ ಜೊತೆ ಹೊರಟು ಹೋಗುತ್ತದೆ, ಅದು ಹೋದ ಹಾಗೆ ಪಿಎಚ್ ಏರುತ್ತದೆ. ನೀವು ಏನೂ ಹಾಕದಿದ್ದರೂ ಏರುತ್ತದೆ. ಆ ಗ್ಯಾಸ್ ಬರುವುದು ಆಲ್ಕಲಿನಿಟಿಯಿಂದ, ಅಂದರೆ ಪಿಎಚ್ ಅಲುಗದಂತೆ ಹಿಡಿಯುವ, ನೀರಲ್ಲಿ ಕರಗಿದ ಬೈಕಾರ್ಬನೇಟ್‌ನಂಥ ಲವಣಗಳಿಂದ, ಹಾಗಾಗಿ ಆಲ್ಕಲಿನಿಟಿ ಜಾಸ್ತಿ ಇದ್ದಷ್ಟೂ ಪಿಎಚ್ ಮೇಲೆ ಓಡುವ ಅವಸರವೂ ಜಾಸ್ತಿ. ಹಾಗಂತ ಆಲ್ಕಲಿನಿಟಿ ತೀರಾ ಕಡಿಮೆ ಆದರೆ ಗೂಟ ಕಿತ್ತ ದನದ ಹಾಗೆ ಪಿಎಚ್ ಒಂದು ಚಮಚ ಆಸಿಡ್‌ಗೇ ಎಲ್ಲೆಲ್ಲಿಗೋ ಹೋಗುತ್ತದೆ. ಡಬ್ಬದ ಮೇಲೆ ಸಾಮಾನ್ಯವಾಗಿ 80ರಿಂದ 120 ಅಂತ ಬರೆದಿರುತ್ತಾರೆ. ಎಲ್ಲರಿಗೂ ಅದೇ ಸರಿ ಅಲ್ಲ, ಮುಂದೆ ಹೇಳ್ತೀನಿ.

ಪಿಎಚ್ ಏರಿದರೆ ಎರಡು ನಷ್ಟ. ಒಂದು, ಕ್ಲೋರಿನ್ ಮೊಂಡಾಗುತ್ತದೆ. ನೀರಲ್ಲಿರುವ ಕ್ಲೋರಿನ್‌ನಲ್ಲಿ ಕೀಟಾಣು ಕೊಲ್ಲುವ ಚುರುಕಾದ ರೂಪ ಪಿಎಚ್ 7.5ರಲ್ಲಿ ಹೆಚ್ಚೂಕಡಿಮೆ ಅರ್ಧ ಇರುತ್ತದೆ, 8ಕ್ಕೆ ಹೋದರೆ ಕಾಲು ಭಾಗ. ಬ್ರೋಮಿನ್‌ಗೆ ಈ ಪೆಟ್ಟು ಕಡಿಮೆ, 8ರಲ್ಲೂ ಶೇ. 80ರಷ್ಟು ಚುರುಕಾಗಿಯೇ ಇರುತ್ತದೆ. ಎರಡನೆಯದು ಸುಣ್ಣ. ಸಕ್ಕರೆ ಬಿಸಿ ನೀರಲ್ಲಿ ಚೆನ್ನಾಗಿ ಕರಗುತ್ತದೆ, ಸುಣ್ಣ ಇದಕ್ಕೆ ಉಲ್ಟಾ. ನೀರು ಬಿಸಿ ಆದಷ್ಟೂ, ಪಿಎಚ್ ಏರಿದಷ್ಟೂ ಅದು ಕಲ್ಲಾಗಿ ಕೂರುತ್ತದೆ, ಅದೂ ಎಲ್ಲಕ್ಕಿಂತ ಮೊದಲು ಹೀಟರ್ ಮೇಲೆ. ಚಾಂಡ್ಲರ್‌ನಂಥ ಒಣ ಹವೆಯಲ್ಲಿ ಇನ್ನೊಂದು ಪಜೀತಿ. ಆವಿಯಾಗಿ ಹೋಗುವುದು ನೀರು ಮಾತ್ರ, ಕ್ಯಾಲ್ಸಿಯಂ ಉಳಿಯುತ್ತದೆ, ನಾವು ಮತ್ತೆ ಅದೇ ಗಡಸು ನೀರು ತುಂಬಿಸುತ್ತೇವೆ, ಬಿಸಿ ಮಾಡಿ ಮಾಡಿ ಸಾರು ಉಪ್ಪಾದ ಹಾಗೆ ಟಬ್ ನೀರು ವಾರ ವಾರ ಗಡಸಾಗುತ್ತದೆ. ಕ್ಯಾಲ್ಸಿಯಂ 150ರಿಂದ 250 ಒಳಗಿದ್ದರೆ ನೆಮ್ಮದಿ. ಮೆದು ನೀರಿನ ಊರಲ್ಲಿ ಇದನ್ನು ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ಏರಿಸಬೇಕು, ಬಾಥೆಲ್‌ನಲ್ಲಿ ನಾನು ಹಾಕದೇ ಇದ್ದದ್ದೇ ನೊರೆಗೆ ಒಂದು ಕಾರಣ. ಇನ್ನೊಂದು ಕಾರಣ ತಲೆಗೆ ಹಚ್ಚುವ ಎಣ್ಣೆ, ಆ ವಿಷಯ ಆಮೇಲೆ.

ಕ್ಲೋರಿನ್: ಅಗ್ಗ, ಚುರುಕು, ಆದರೆ ದಿನಾ ಕೈ ಹಾಕಬೇಕು

ಕ್ಲೋರಿನ್ ಅಂದರೆ ಒಂದೇ ಪದಾರ್ಥ ಅಲ್ಲ. ಅಂಗಡಿಯಲ್ಲಿ ನಾಲ್ಕು ರೂಪದಲ್ಲಿ ಸಿಗುತ್ತದೆ, ಅದರಲ್ಲಿ ಎರಡನ್ನು ನಾನು ಟಬ್ ಹತ್ತಿರ ಬಿಡಲ್ಲ. ಟ್ರೈಕ್ಲೋರ್ ಮಾತ್ರೆ ಈಜುಕೊಳದವರದ್ದು, ತೀರಾ ಆಮ್ಲ, ಬಿಸಿ ನೀರಲ್ಲಿ ಬೇಗ ಕರಗಿ ಅಕ್ರಿಲಿಕ್ ಮೈಯನ್ನೂ ಹೀಟರನ್ನೂ ತಿನ್ನುತ್ತದೆ. ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡಿ ಹಾಕಿದರೆ ಹೆಸರೇ ಹೇಳುವ ಹಾಗೆ ಕ್ಯಾಲ್ಸಿಯಂ ಕೂಡ ಸೇರುತ್ತದೆ, ಗಡಸು ನೀರಿನವರಿಗೆ ಗಾಯದ ಮೇಲೆ ಬರೆ.

ಉಳಿದದ್ದು ಡೈಕ್ಲೋರ್ ಪುಡಿ, ಮತ್ತೆ ಬಟ್ಟೆಗೆ ಹಾಕುವ ಬ್ಲೀಚ್.

ಡೈಕ್ಲೋರ್ ಎಲ್ಲರಿಗೂ ಮೊದಲು ಇಷ್ಟ ಆಗುತ್ತದೆ. ಬೇಗ ಕರಗುತ್ತದೆ, ಪಿಎಚ್ ಅಷ್ಟಾಗಿ ಅಲುಗಾಡಿಸಲ್ಲ, 400 ಗ್ಯಾಲನ್‌ಗೆ 8 ಗ್ರಾಂ ಹಾಕಿದರೆ 3 ಪಿಪಿಎಂ ಏರುತ್ತದೆ. ತೊಂದರೆ ಅದರ ಜೊತೆ ಬರುವ ಸಯನ್ಯೂರಿಕ್ ಆಸಿಡ್‌ನದ್ದು. ಬಿಸಿಲಿಗೆ ಕ್ಲೋರಿನ್ ಹಾರಿ ಹೋಗದಂತೆ ಹಿಡಿದಿಡುವ ಪದಾರ್ಥ ಅದು, ತೆರೆದ ಈಜುಕೊಳಕ್ಕೆ ಬೇಕೇ ಬೇಕು. ಮುಚ್ಚಳ ಹಾಕಿಡುವ ಟಬ್‌ನಲ್ಲಿ ಆ ಕೆಲಸ ಅಷ್ಟಿಲ್ಲ, ಮೇಲಾಗಿ ಕ್ಲೋರಿನ್‌ನ ಕೈ ಕಟ್ಟಿಹಾಕುತ್ತದೆ. 10 ಪಿಪಿಎಂ ಕ್ಲೋರಿನ್ ಡೈಕ್ಲೋರ್ ರೂಪದಲ್ಲಿ ಹಾಕಿದರೆ 9 ಪಿಪಿಎಂ ಸಯನ್ಯೂರಿಕ್ ಸೇರುತ್ತದೆ. ಕ್ಲೋರಿನ್ ಖರ್ಚಾಗಿ ಹೋಗುತ್ತದೆ, ಇದು ಹೋಗಲ್ಲ. ದಿನಕ್ಕೆ 4 ಪಿಪಿಎಂ ಹಾಕುತ್ತಾ ಮೂರು ತಿಂಗಳು ಕಳೆದರೆ 300 ದಾಟುತ್ತದೆ. ಆಗ ನೀರಲ್ಲಿ ಅದ್ದಿ ಬಣ್ಣ ನೋಡುವ ಸ್ಟ್ರಿಪ್‌ನಲ್ಲಿ ಕ್ಲೋರಿನ್ ಚೆನ್ನಾಗಿ ಕಾಣುತ್ತಿರುತ್ತದೆ, ಆದರೆ ಕೆಲಸ ಮಾಡುವ ಕ್ಲೋರಿನ್ ಅದರಲ್ಲಿ ಚೂರೇ ಚೂರು. ಇದೇ ಕಾರಣಕ್ಕೆ ಸಿಡಿಸಿ ಹಾಟ್ ಟಬ್‌ಗೆ ಸಯನ್ಯೂರಿಕ್ ಇರುವ ಯಾವ ಕ್ಲೋರಿನ್ನೂ ಬೇಡ ಅನ್ನುತ್ತದೆ.

ಸಿಡಿಸಿಯ ಮಾತಿಗೆ ಪೂರ್ತಿ ತಲೆಬಾಗುವವರು ಮೊದಲ ದಿನದಿಂದ ಬ್ಲೀಚ್ ಮಾತ್ರ ಬಳಸಬಹುದು, ಅದರಲ್ಲಿ ತಪ್ಪೇನಿಲ್ಲ. ನಾನು ಮತ್ತು ನನ್ನ ಹಾಗೆ ತುಂಬಾ ಜನ ನಡುದಾರಿ ಹಿಡಿದಿದ್ದೇವೆ. ನೀರು ಹೊಸದಾಗಿ ತುಂಬಿದ ಮೊದಲ ವಾರ ಡೈಕ್ಲೋರ್, ಒಟ್ಟು ಸುಮಾರು 90 ಗ್ರಾಂ ಆಗುವವರೆಗೆ, ಅಷ್ಟಕ್ಕೆ ಸಯನ್ಯೂರಿಕ್ 30ಕ್ಕೆ ಬಂದು ನಿಲ್ಲುತ್ತದೆ. ಅಷ್ಟಿದ್ದರೆ ಕ್ಲೋರಿನ್ ಮೂಗಿಗೆ, ಬಟ್ಟೆಗೆ, ಮುಚ್ಚಳಕ್ಕೆ ತೀರಾ ಖಾರ ಅನಿಸಲ್ಲ. ಅಲ್ಲಿಂದ ಮುಂದೆ ನೀರು ಬದಲಿಸುವವರೆಗೂ ಬರೀ ಬ್ಲೀಚ್. ಸುವಾಸನೆ ಇಲ್ಲದ್ದು, ಚೆಲ್ಲಬಾರದು ಅಂತ ಮಂದ ಮಾಡಿದ್ದಲ್ಲ, ಸಾದಾ ಬ್ಲೀಚ್. 7.5 ಶೇಕಡಾದ್ದಾದರೆ 400 ಗ್ಯಾಲನ್‌ಗೆ 20 ಮಿಲಿಲೀಟರ್‌ಗೆ 1 ಪಿಪಿಎಂ. ಕಣ್ಣಳತೆ ಬೇಡ, ಅಡುಗೆಮನೆಯ ಅಳತೆ ಲೋಟ ಒಂದನ್ನು ಇದಕ್ಕೇ ಮೀಸಲಿಡಿ.

ಡೈಕ್ಲೋರ್ ಬಳಸುವಾಗ ಆಲ್ಕಲಿನಿಟಿ 80ರಿಂದ 100 ಇರಲಿ, ಯಾಕಂದರೆ ಅದು ಖರ್ಚಾಗುತ್ತಾ ನೀರನ್ನು ಸ್ವಲ್ಪ ಆಮ್ಲದ ಕಡೆ ಎಳೆಯುತ್ತದೆ, ಜೆಟ್ ಮೇಲೆ ಎಳೆಯುತ್ತದೆ, ಎರಡೂ ಸೇರಿ ನಡುವೆ ನಿಲ್ಲುತ್ತದೆ. ಬ್ಲೀಚ್‌ಗೆ ಬದಲಾದ ಮೇಲೆ ಕೆಳಗೆ ಎಳೆಯುವವರು ಯಾರೂ ಇಲ್ಲ. ಆಗ ಪಿಎಚ್ ಇಳಿಸುವ ಡ್ರೈ ಆಸಿಡ್ ಪುಡಿ ಹಾಕಿ ಹಾಕಿ ಆಲ್ಕಲಿನಿಟಿಯನ್ನು 50, 60ಕ್ಕೆ ಇಳಿಯಲು ಬಿಡುತ್ತೇನೆ. ಅಲ್ಲಿಗೆ ಬಂದ ಮೇಲೆ ಪಿಎಚ್ 7.6, 7.7ರಲ್ಲಿ ಎಮ್ಮೆ ಕೂತ ಹಾಗೆ ಕೂರುತ್ತದೆ. ಇದು ಗೊತ್ತಾಗುವ ಮೊದಲು ಒಂದು ವರ್ಷ ಬೆಳಿಗ್ಗೆ ಪಿಎಚ್ ಇಳಿಸು, ಸಂಜೆ ಆಲ್ಕಲಿನಿಟಿ ಏರಿಸು ಅಂತ ಹಗ್ಗ ಜಗ್ಗಾಟ ಆಡಿದ್ದೇನೆ.

ವಾರಕ್ಕೆ ನಾಲ್ಕೈದು ಸಲ ಇಳಿಯುವವರಿಗೆ, ಮನೆಯಲ್ಲೇ ಇರುವವರಿಗೆ, ನನ್ನ ಮತ ಇದಕ್ಕೇ. ಖರ್ಚು ತೀರಾ ಕಡಿಮೆ, ಎದ್ದ ಮೇಲೆ ಎರಡು ನಿಮಿಷದ ಕೆಲಸ. ಆದರೆ ಎರಡು ದಿನ ಮರೆತರೆ ಸೊನ್ನೆ, ಮಾಫಿ ಇಲ್ಲ.

ಬ್ರೋಮಿನ್: ಮರೆಗುಳಿಗಳ ಗೆಳೆಯ

ಬ್ರೋಮಿನ್‌ನ ಒಳ್ಳೆಯ ಗುಣ ಒಂದಿದೆ, ಕೆಲಸ ಮುಗಿದ ಮೇಲೂ ಅದು ನೀರಲ್ಲೇ ಬ್ರೋಮೈಡ್ ಆಗಿ ಉಳಿಯುತ್ತದೆ. ಸ್ವಲ್ಪ ಬ್ಲೀಚ್ ಹಾಕಿ, ಅಥವಾ ಕ್ಲೋರಿನ್ ಇಲ್ಲದ ಶಾಕ್ ಅಂತ ಮಾರುವ ಎಂಪಿಎಸ್ (ಪೊಟ್ಯಾಸಿಯಂ ಮೊನೊಪರ್ಸಲ್ಫೇಟ್) ಪುಡಿ ಹಾಕಿ, ಅದೇ ಬ್ರೋಮೈಡ್ ಮತ್ತೆ ಬ್ರೋಮಿನ್ ಆಗಿ ಎದ್ದು ನಿಲ್ಲುತ್ತದೆ. ಕ್ಲೋರಿನ್ ಬೆವರಿನ ಜೊತೆ ಸೇರಿ ಆಗುವ ಕ್ಲೋರಮೈನ್ ನಾತ ಹೊಡೆಯುತ್ತದೆ, ಕಣ್ಣು ಉರಿಸುತ್ತದೆ, ಕೆಲಸಕ್ಕೂ ಬಾರದು. ಬ್ರೋಮಿನ್ನಿನ ಬ್ರೋಮಮೈನ್ ಹಾಗಲ್ಲ, ವಾಸನೆ ಕಡಿಮೆ, ಕೀಟಾಣುಗಳನ್ನೂ ಕೊಲ್ಲುತ್ತದೆ.

ತೇಲುವ ಡಬ್ಬಿಯಲ್ಲಿ ಮಾತ್ರೆ ಹಾಕಿ ಬಿಟ್ಟರೆ ನಿಧಾನಕ್ಕೆ ಕರಗುತ್ತಾ ಹೋಗುತ್ತದೆ. ವಾರಾಂತ್ಯಕ್ಕೆ ಮಾತ್ರ ಹೋಗುವ ಬೆಟ್ಟದ ಮನೆ ಇದೆ, ಅಥವಾ ತಿಂಗಳಲ್ಲಿ ಹತ್ತು ದಿನ ಕೆಲಸದ ಮೇಲೆ ಊರೂರು ಸುತ್ತುತ್ತೀರಿ ಅಂದರೆ ಕಣ್ಣು ಮುಚ್ಚಿ ಬ್ರೋಮಿನ್ ಅನ್ನುತ್ತೇನೆ. ನೀರು ತುಂಬಿದ ದಿನವೇ 400 ಗ್ಯಾಲನ್‌ಗೆ 55, 60 ಗ್ರಾಂ ಸೋಡಿಯಂ ಬ್ರೋಮೈಡ್ ಹಾಕಿ ಠೇವಣಿ ಇಟ್ಟುಬಿಡಿ. ಇದನ್ನು ಬಿಟ್ಟು ಬರೀ ಮಾತ್ರೆ ಹಾಕಿದರೆ ಮೊದಲೆರಡು ವಾರ ಬ್ರೋಮಿನ್ ಏರುವುದೇ ಇಲ್ಲ, ಜನ ಮಾತ್ರೆ ಸರಿ ಇಲ್ಲ ಅಂತ ಬೈಕೊಳ್ತಾರೆ. ಮಾತ್ರೆಯಲ್ಲಿ ಅರ್ಧ ಕ್ಲೋರಿನ್ನೇ ಇರುವುದು, ಅದು ಎಬ್ಬಿಸಲು ಬ್ರೋಮೈಡ್ ಇದ್ದರೆ ತಾನೇ?

ಮಾತ್ರೆ ಆಮ್ಲ, ಆಲ್ಕಲಿನಿಟಿಯನ್ನು ಮೆಲ್ಲಗೆ ತಿನ್ನುತ್ತದೆ. ಹಾಗಾಗಿ ಇಲ್ಲಿ 100ರಿಂದ 120ರ ಹತ್ತಿರ ಇಟ್ಟು ವಾರಕ್ಕೊಮ್ಮೆ ಅಳೆಯಬೇಕು. ಬಾಥೆಲ್‌ನಲ್ಲಿ ನಾನು ಅಳೆಯುತ್ತಿರಲಿಲ್ಲ, ಒಂದು ಸಲ ನೋಡಿದರೆ ಪಿಎಚ್ 6.8ಕ್ಕೆ ಇಳಿದಿತ್ತು. ಹೀಟರ್ ಬದುಕಿದ್ದು ನಮ್ಮ ಪುಣ್ಯ. ಇದೇ ಗುಣ ಗಡಸು ನೀರಿನ ಊರಲ್ಲಿ ಸ್ವಲ್ಪ ಅನುಕೂಲವೇ, ಪಿಎಚ್ ಏರದಂತೆ ಅದು ತಡೆಯಬೇಕು. ಆದರೂ ಚಾಂಡ್ಲರ್‌ನಲ್ಲಿ ನನಗೆ ಬಿಳಿ ಗೆರೆ ಬಿತ್ತಲ್ಲ, ಯಾಕೆ? ಹಳೇ ಅಭ್ಯಾಸದಲ್ಲಿ ಇಲ್ಲೂ ಅಳೆಯದೆ ಕ್ಯಾಲ್ಸಿಯಂ ಸುರಿದಿದ್ದೆ, ಬಾಥೆಲ್‌ನಲ್ಲಿ ಅದು ಬೇಕು ಅಂತ ತಡವಾಗಿ ಕಲಿತಿದ್ದೆನಲ್ಲ. ಒಂದೂರಿನ ಔಷಧ ಇನ್ನೊಂದೂರಿಗೆ ವಿಷ.

ಕಷ್ಟಗಳೂ ಇವೆ. ಬೆಲೆ ಜಾಸ್ತಿ. ಕೆಲವರಿಗೆ ಚರ್ಮ ಕಡಿಯುತ್ತದೆ, ನಮ್ಮ ಮನೆಯವರಿಗೆ ಮೂರನೇ ವರ್ಷ ಶುರುವಾಯಿತು, ನಾವು ಕ್ಲೋರಿನ್‌ಗೆ ಬಂದದ್ದೇ ಅದಕ್ಕೆ. ಬಿಸಿಲಿಗೆ ಹಾರಿ ಹೋಗುವ ಬ್ರೋಮಿನ್ನನ್ನು ಹಿಡಿದಿಡಲು ಸಯನ್ಯೂರಿಕ್‌ನಂಥ ಕಾವಲುಗಾರ ಇಲ್ಲ. ಇನ್ನೊಂದು ಮುಖ್ಯ ಮಾತು. ಬ್ರೋಮಿನ್ ನೀರಿಗೆ ಕ್ಲೋರಿನ್ ಹಾಕಿ ಕ್ಲೋರಿನ್ ಟಬ್ ಆಯ್ತು ಅಂದುಕೊಳ್ಳಬೇಡಿ, ಒಳಗಿರುವ ಬ್ರೋಮೈಡ್ ಅದನ್ನೆಲ್ಲ ಬ್ರೋಮಿನ್ ಮಾಡಿಬಿಡುತ್ತದೆ. ಬದಲಿಸಬೇಕಾದರೆ ನೀರು ಪೂರ್ತಿ ಖಾಲಿ ಮಾಡಿ, ಪೈಪ್ ತೊಳೆದು, ಹೊಸದಾಗಿ ತುಂಬಬೇಕು.

ಉಪ್ಪಿನ ಯಂತ್ರ: ಇದೂ ಕ್ಲೋರಿನ್ನೇ ಸ್ವಾಮಿ

"ನಮ್ಮದು ಸಾಲ್ಟ್ ವಾಟರ್, ಕೆಮಿಕಲ್ ಇಲ್ಲ" ಅಂತ ಹೇಳುವವರು ಸಿಕ್ಕರೆ ನಕ್ಕು ಸುಮ್ಮನಾಗಿ. ಯಂತ್ರದೊಳಗಿನ ತಟ್ಟೆಗಳಲ್ಲಿ ಕರೆಂಟು ಹರಿದು ಉಪ್ಪಿನಿಂದ ಕ್ಲೋರಿನ್ ಹುಟ್ಟುತ್ತದೆ, ಅಷ್ಟೇ. ಸೋಡಿಯಂ ಬ್ರೋಮೈಡ್ ಹಾಕುವ ಯಂತ್ರವಾದರೆ ಬ್ರೋಮಿನ್ ಹುಟ್ಟುತ್ತದೆ. ಕೆಲವು ಯಂತ್ರಗಳಲ್ಲಿ ನೀರಿನ ಉಪ್ಪು 1,500ರಿಂದ 2,000 ಪಿಪಿಎಂ ಇರುತ್ತದೆ, ಸಮುದ್ರದ ನೀರಲ್ಲಿ 35,000.

ಇದರ ಸುಖ ನಿಜವಾದದ್ದೇ. ಚೂರುಚೂರು ಕ್ಲೋರಿನ್ ಇಡೀ ದಿನ ಹುಟ್ಟುತ್ತಿರುತ್ತದೆ, ನೀರು ಮೆದುವಾಗಿ ಅನಿಸುತ್ತದೆ, ಸಯನ್ಯೂರಿಕ್ ಸೇರಲ್ಲ. ಆದರೆ ತಟ್ಟೆಯ ಹತ್ತಿರ ಏಳುವ ಸಣ್ಣ ಗುಳ್ಳೆ ಪಿಎಚ್ಚನ್ನು ಇನ್ನೂ ಮೇಲೆ ತಳ್ಳುತ್ತದೆ, ಸುಣ್ಣ ಮೊದಲು ಬಂದು ಕೂರುವುದೂ ಆ ತಟ್ಟೆಗಳ ಮೇಲೇ. ಕೆಲವು ಯಂತ್ರಗಳಿಗೆ ಕ್ಯಾಲ್ಸಿಯಂ 75ಕ್ಕಿಂತ ಕಡಿಮೆ ಇರಬೇಕು ಅನ್ನುವ ಷರತ್ತೇ ಇದೆ. 220ರ ನಲ್ಲಿ ನೀರಿಟ್ಟುಕೊಂಡು ಇದನ್ನು ಕೊಂಡ ನನ್ನ ಗೆಳೆಯರು ಒಂದೂವರೆ ವರ್ಷದಲ್ಲಿ ಆ ತಟ್ಟೆಗಳಿರುವ ಸೆಲ್ ಬದಲಿಸಿದರು, ಆಮೇಲೆ ಮನೆಗೆ ನೀರಿನ ಗಡಸುತನ ತೆಗೆಯುವ ಸಾಫ್ಟ್ನರ್ ಹಾಕಿಸಿದರು, ಈಗ ಮತ್ತೆ ಸುಖವಾಗಿದ್ದಾರೆ. ಮೆದು ನೀರಿನ ಸಿಯಾಟಲ್, ಪೋರ್ಟ್‌ಲ್ಯಾಂಡ್ ಕಡೆಯವರಿಗೆ ಇದನ್ನು ಬೇಡ ಅನ್ನಲಾರೆ. ಫೀನಿಕ್ಸ್, ಲಾಸ್ ವೇಗಸ್, ಸ್ಯಾನ್ ಆಂಟೋನಿಯೋ ಕಡೆಯವರು ಸಾಫ್ಟ್ನರ್ ಇಲ್ಲದೆ ಕೈ ಹಾಕಬೇಡಿ. ಬೇಸಿಗೆಗೆ ಹೋಮ್‌ಸ್ಟೇಗೆ ಜಕೂಜಿ ಹಾಕಿಸೋಣ ಅಂತ ಯೋಚಿಸುತ್ತಿರುವ ನಮ್ಮ ಕಡೆಯವರು ಬೋರ್ ನೀರಾದರೆ ಮೊದಲು ಅದನ್ನು ಟೆಸ್ಟ್ ಮಾಡಿಸಿ, ಗಡಸುತನದ ಜೊತೆ ಕಬ್ಬಿಣದ ಅಂಶವನ್ನೂ. ಕಬ್ಬಿಣ ಇದ್ದರೆ ಕ್ಲೋರಿನ್ ಹಾಕಿದ ಕೂಡಲೇ ನೀರು ಟೀ ಬಣ್ಣಕ್ಕೆ ತಿರುಗುತ್ತದೆ.

ಓಝೋನ್, ಯುವಿ ದೀಪ, ಬೆಳ್ಳಿ ತಾಮ್ರದ ಕಡ್ಡಿ ಇವೆಲ್ಲ ಒಗ್ಗರಣೆ, ಇವೇ ಅಡುಗೆ ಅಲ್ಲ. ಓಝೋನ್ ಮತ್ತು ಯುವಿ ಪೈಪಿನೊಳಗೆ ಹಾದುಹೋಗುವ ನೀರನ್ನು ಮಾತ್ರ ಶುದ್ಧ ಮಾಡುತ್ತವೆ, ನಿಮ್ಮ ಪಕ್ಕ ಕೂತವರಿಂದ ಈಗ ತಾನೇ ನೀರಿಗೆ ಬಂದದ್ದಕ್ಕೆ ಅವುಗಳಲ್ಲಿ ಉತ್ತರ ಇಲ್ಲ.

ಸ್ಟ್ರಿಪ್ಪೋ, ಹನಿ ಕಿಟ್ಟೋ

ಸ್ಟ್ರಿಪ್ ಅಗ್ಗ, ಹದಿನೈದು ಸೆಕೆಂಡಿನ ಕೆಲಸ, ದಿನಾ ಇಳಿಯುವ ಮೊದಲು ನೋಡಲು ಸಾಕು. ಸಂಜೆ ಬೆಳಕಲ್ಲಿ ಆ ಗುಲಾಬಿ ಬಣ್ಣ 3ರದ್ದೋ 5ರದ್ದೋ ಅಂತ ಮನೆಯಲ್ಲಿ ಇಬ್ಬರು ಜಗಳ ಆಡುವುದು ಮಾತ್ರ ತಪ್ಪಲ್ಲ. ಕ್ಯಾಲ್ಸಿಯಂ ಮತ್ತು ಸಯನ್ಯೂರಿಕ್ ವಿಷಯದಲ್ಲಿ ಸ್ಟ್ರಿಪ್ ನಂಬಬೇಡಿ. ಹನಿ ಹನಿ ಎಣಿಸಿ ಹಾಕುವ ಕಿಟ್ ಒಂದು ಇರಲಿ, ಕ್ಲೋರಿನ್‌ನವರಿಗೆ ಟೇಲರ್ ಕೆ-2006, ಬ್ರೋಮಿನ್‌ನವರಿಗೆ ಕೆ-2106. ನನ್ನ ದುಡ್ಡು ಉಳಿಸಿದ್ದು ಇದೇ. ಒಂದು ಸಲ ನೀರಿನ ಸ್ಯಾಂಪಲ್ ಹಿಡಿದು ಅಂಗಡಿಗೆ ಹೋಗಿದ್ದೆ, ಅವರು ಯಂತ್ರಕ್ಕೆ ಹಾಕಿ, ಪ್ರಿಂಟ್ ತೆಗೆದು, ಏಳು ಬಾಟಲಿ ಕೈಗಿಟ್ಟರು, 140 ಡಾಲರ್. ಮನೆಗೆ ಬಂದು ಡಬ್ಬದ ಹಿಂದಿನ ಚೀಟಿ ಓದಿದರೆ ಆಲ್ಕಲಿನಿಟಿ ಏರಿಸುವ ಪುಡಿ ಅಂದರೆ ಸೋಡಿಯಂ ಬೈಕಾರ್ಬನೇಟ್. ಅಡುಗೆ ಸೋಡಾ ಕಣ್ರೀ! ಇಡ್ಲಿ ಹಿಟ್ಟು ಉಬ್ಬದಿದ್ದಾಗ ಚಿಟಿಕೆ ಹಾಕ್ತೀವಲ್ಲ, ಅದು. 400 ಗ್ಯಾಲನ್‌ಗೆ 27 ಗ್ರಾಂ ಹಾಕಿದರೆ ಆಲ್ಕಲಿನಿಟಿ 10 ಏರುತ್ತದೆ. ಪಿಎಚ್ ಏರಿಸುವ ಪುಡಿ ವಾಷಿಂಗ್ ಸೋಡಾ.

ಯಾವುದನ್ನೂ ಒಂದರ ಮೇಲೊಂದು ಸುರಿಯಬೇಡಿ. ಮೊದಲು ಆಲ್ಕಲಿನಿಟಿ, ಆಮೇಲೆ ಪಿಎಚ್, ಆಮೇಲೆ ಕ್ಯಾಲ್ಸಿಯಂ, ಕೊನೆಗೆ ಕ್ಲೋರಿನ್ನೋ ಬ್ರೋಮಿನ್ನೋ. ನಡುವೆ ಅರ್ಧ ಗಂಟೆ ಜೆಟ್ ಓಡಲಿ.

ಇನ್ನು ಒಂದು ವಿಷಯದಲ್ಲಿ ಮಾತ್ರ ತಮಾಷೆ ಇಲ್ಲ. ಆಸಿಡ್ ಮತ್ತು ಬ್ಲೀಚ್ ಒಂದೇ ಲೋಟದಲ್ಲಿ ಅಳೆಯಬೇಡಿ, ವಿಷದ ಗಾಳಿ ಏಳುತ್ತದೆ. ಡೈಕ್ಲೋರ್, ಟ್ರೈಕ್ಲೋರ್, ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಇವು ಒಂದಕ್ಕೊಂದು ಸೋಕಿದರೆ ಬೆಂಕಿ ಹೊತ್ತಿಕೊಳ್ಳಬಹುದು, ಒಂದರ ಚಮಚ ಇನ್ನೊಂದಕ್ಕೆ ಬೇಡವೇ ಬೇಡ. 2024ರ ಸೆಪ್ಟೆಂಬರ್‌ನಲ್ಲಿ ಜಾರ್ಜಿಯಾದ ಕಾನ್ಯರ್ಸ್‌ನಲ್ಲಿ ಈಜುಕೊಳದ ಕೆಮಿಕಲ್ ಘಟಕಕ್ಕೆ ಬೆಂಕಿ ಬಿದ್ದು ಸುಮಾರು 17,000 ಜನ ಮನೆ ಬಿಟ್ಟು ಹೋಗಬೇಕಾಯಿತು. ನಮ್ಮ ಗ್ಯಾರೇಜಿನ ಡಬ್ಬದಲ್ಲಿರುವುದೂ ಅದೇ ಜಾತಿಯದ್ದು. ಪುಡಿಯನ್ನು ನೀರಿಗೆ ಹಾಕಿ, ಪುಡಿಯ ಮೇಲೆ ನೀರು ಸುರಿಯಬೇಡಿ.

ಎಣ್ಣೆ ತಲೆ ಮತ್ತು ನೀರು ತುಂಬುವ ಹಬ್ಬ

ಅಮ್ಮ ಮೊದಲ ಸಲ ಬಂದಾಗ ಟಬ್ ನೋಡಿ "ಇಷ್ಟು ದೊಡ್ಡ ಹಂಡೇನಾ?" ಅಂದರು. ತಲೆತುಂಬಾ ಕೊಬ್ಬರಿ ಎಣ್ಣೆ, ಕೆನ್ನೆಗೆ ಅರಿಶಿನ, ಹಾಗೇ ಇಳಿದುಬಿಟ್ಟರು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಮಾರನೇ ದಿನ ನೀರು ಮಬ್ಬು, ಫಿಲ್ಟರ್ ಜಿಡ್ಡು, ಕ್ಲೋರಿನ್ ಎಷ್ಟು ಹಾಕಿದರೂ ಸೊನ್ನೆ. ಎಣ್ಣೆ, ಬಾಡಿ ಲೋಷನ್, ಸೋಪಿನಪುಡಿ ಪೂರ್ತಿ ಹೋಗದ ಈಜುಡುಗೆ, ಇವು ಮೂರೂ ಕ್ಲೋರಿನ್ ಕುಡಿಯುತ್ತವೆ, ನೊರೆ ತರುತ್ತವೆ. ಬಾಥೆಲ್‌ನ ನೊರೆಯಲ್ಲಿ ನಮ್ಮ ಮನೆಯ ಎಣ್ಣೆಯ ಪಾಲೂ ಇತ್ತು. ಇಳಿಯುವ ಮೊದಲು ಬರೀ ನೀರಲ್ಲಿ ಒಂದು ನಿಮಿಷ ಮೈ ತೊಳೆದರೆ ಖರ್ಚು ಎಷ್ಟೋ ಉಳಿಯುತ್ತದೆ, ಬಚ್ಚಲುಮನೆ ಸಂಸ್ಕಾರದವರಾದ ನಮಗೆ ಇದನ್ನು ಹೇಳಿಕೊಡಬೇಕಾ?

ನೀರು ಯಾವಾಗ ಬದಲಿಸಬೇಕು ಅನ್ನುವುದಕ್ಕೆ ಸುಲಭ ಲೆಕ್ಕ ಇದೆ. ಗ್ಯಾಲನ್ ಅನ್ನು 3ರಿಂದ ಭಾಗಿಸಿ, ಬಂದದ್ದನ್ನು ದಿನಕ್ಕೆ ಇಳಿಯುವ ಜನರಿಂದ ಭಾಗಿಸಿ. ನಮ್ಮದು 400, ದಿನಕ್ಕೆ ಸರಾಸರಿ ಇಬ್ಬರು, ಅಂದರೆ 66 ದಿನ. ನಾನು ಎಳೆದಾಡಿ ಮೂರು ತಿಂಗಳು ಮಾಡುತ್ತಿದ್ದೆ, ಈಗ ಎಳೆಯಲ್ಲ.

ಅದರಲ್ಲಿ ಒಂದು ಸರದಿ ದೀಪಾವಳಿಯ ನೀರು ತುಂಬುವ ಹಬ್ಬಕ್ಕೇ ಬರುವ ಹಾಗೆ ಹೊಂದಿಸಿಕೊಂಡಿದ್ದೇನೆ. ಊರಲ್ಲಿ ಅಂದು ಹಂಡೆ ಬೆಳಗಿ, ಸುಣ್ಣ ಜೇಡಿ ಹಚ್ಚಿ, ಹೊಸ ನೀರು ತುಂಬುತ್ತಿದ್ದರಲ್ಲ. ಇಲ್ಲಿ ಹಿಂದಿನ ದಿನ ಪೈಪ್ ತೊಳೆಯುವ ದ್ರಾವಣ ಹಾಕಿ ಒಂದು ಗಂಟೆ ಜೆಟ್ ಓಡಿಸುತ್ತೇನೆ, ಒಳಗಿಂದ ಬರುವ ಕಂದು ನೊರೆ ನೋಡಿದರೆ ಆ ದಿನ ಊಟ ಸೇರಲ್ಲ. ಖಾಲಿ ಮಾಡಿ ಒರೆಸಿ, ಅರ್ಧ ಟಬ್‌ಗೆ ಸಾಫ್ಟ್ನರ್ ನೀರು, ಉಳಿದರ್ಧಕ್ಕೆ ಹಿತ್ತಲ ನಲ್ಲಿಯ ಗಡಸು ನೀರು. ಕ್ಯಾಲ್ಸಿಯಂ 110ರ ಹತ್ತಿರ ಬರುತ್ತದೆ. ಬೇಕಂತಲೇ ಕಡಿಮೆ ಇಟ್ಟು ಶುರು ಮಾಡುತ್ತೇನೆ, ಆವಿಯಾದಷ್ಟು ತುಂಬಿಸುತ್ತಾ ಹೋದ ಹಾಗೆ ಅದು ತಾನಾಗೇ 150 ದಾಟುತ್ತದೆ. ಸಂಜೆಗೆ ನೀರು 100 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುತ್ತದೆ, ಮೊದಲ 8 ಗ್ರಾಂ ಡೈಕ್ಲೋರ್ ಬೀಳುತ್ತದೆ. ಎಣ್ಣೆ ಸ್ನಾನ ಮಾತ್ರ ಮರುದಿನ ಬೆಳಿಗ್ಗೆ, ಮನೆಯೊಳಗಿನ ಬಚ್ಚಲಲ್ಲೇ, ಸೀಗೆಪುಡಿ ಹಾಕಿ ಜಿಡ್ಡು ಪೂರ್ತಿ ಹೋಗುವವರೆಗೆ. ಟಬ್‌ಗೆ ಪ್ರವೇಶ ಅದಾದ ಮೇಲೇ.